ಅಜ್ಜನ ಸೈಕಲ್ ಮತ್ತು ಅರ್ಧ ಇಂಚಿನ ಚೈನ್



ನಮ್ಮ ವಾಳೆಯ ಹುಡುಗನೊಬ್ಬ ದಿನಾ ಬೆಳಿಗ್ಗೆ ಸೈಕಲ್ ತುಳಿದು ರೈಲ್ವೆ ಸ್ಟೇಷನ್‌ಗೆ ಹೋಗುತ್ತಾನೆ. ಅಲ್ಲಿಂದ ರೈಲು ಹಿಡಿದು ಮಂಗಳೂರಿನ ಕಾಲೇಜಿಗೆ. ಸೈಕಲ್ ಅವನ ಅಜ್ಜನದು, ಕಪ್ಪು ಬಣ್ಣದ ಗಟ್ಟಿ ಸೈಕಲ್. ಮಳೆಗಾಲ ಮುಗಿಯುವಾಗ ಚೈನಿಗೆ ತುಕ್ಕು ಹಿಡಿದಿತ್ತು. ಹೊಸ ಚೈನ್ ಹಾಕಿಸಿದ. ಮೂರನೆಯ ದಿನ ಗುಡ್ಡೆಯ ಏರಿನಲ್ಲಿ ಸೀಟಿನಿಂದ ಎದ್ದು ನಿಂತು ಬಲವಾಗಿ ತುಳಿದಾಗ ಚೈನ್ ಹಲ್ಲುಗಳ ಮೇಲೆ ಜಾರಿತು. ಹುಡುಗ ರಸ್ತೆಗೆ ಬಿದ್ದ. ಹಿಂದಿನಿಂದ ಬಸ್ಸು ಬರುತ್ತಿರಲಿಲ್ಲ, ದೇವರ ದಯೆ. ಮೊಣಕಾಲು ಸುಲಿದದ್ದರಲ್ಲಿ ಮುಗಿಯಿತು.

ಮನೆಯಲ್ಲಿ ಎಲ್ಲರದೂ ಒಂದೇ ತೀರ್ಪು: "ಸೈಕಲ್ ಒಂದು ಕಂಪೆನಿಯದ್ದು, ಚೈನ್ ಇನ್ನೊಂದು ಕಂಪೆನಿಯದ್ದು. ಹೀಗಾಗದೆ ಇನ್ನೇನು? ಇದನ್ನು ಗುಜರಿಗೆ ಕೊಟ್ಟು ಹೊಸತು ತೆಗೆ."

ಆ ತೀರ್ಪು ತಪ್ಪಾಗಿತ್ತು. ಏಕೆ ತಪ್ಪು ಎಂದು ತಿಳಿಯಲು ನೂರು ವರ್ಷಕ್ಕಿಂತ ಹಳೆಯ ಕಥೆಯೊಂದನ್ನು ಕೇಳಬೇಕು. ಒಂದು ಕಂಪೆನಿಯ ಚೈನ್ ಇನ್ನೊಂದು ಕಂಪೆನಿಯ ಹಲ್ಲಿನ ಚಕ್ರಕ್ಕೆ ಹೇಗೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬ ಕಥೆ ಅದು.

ಮೊದಮೊದಲು ಸೈಕಲಿಗೆ ಚೈನ್ ಇರಲಿಲ್ಲ. ಮುಂದಿನ ದೊಡ್ಡ ಚಕ್ರಕ್ಕೇ ಪೆಡಲ್ ಜೋಡಿಸಿದ್ದ ಆ ಎತ್ತರದ ಸೈಕಲ್‌ಗಳ ಚಿತ್ರವನ್ನು ನೀವು ನೋಡಿರುತ್ತೀರಿ. ಪೆಡಲ್ ಒಂದು ಸುತ್ತು ಸುತ್ತಿದರೆ ಚಕ್ರವೂ ಒಂದೇ ಸುತ್ತು. ಹೆಚ್ಚು ವೇಗ ಬೇಕಾದರೆ ಚಕ್ರವೇ ದೊಡ್ಡದಾಗಬೇಕು. ಅಷ್ಟು ಎತ್ತರದಿಂದ ತಲೆಕೆಳಗಾಗಿ ಬೀಳುವವರೂ ಬಹಳ ಮಂದಿ. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಎಂಬ ಸೈಕಲನ್ನು ತಂದ. ಅದರಲ್ಲಿ ಪೆಡಲ್ ನಡುವಿನಲ್ಲಿತ್ತು. ಅಲ್ಲಿಂದ ಚೈನ್ ಹಿಂದಿನ ಚಕ್ರವನ್ನು ತಿರುಗಿಸುತ್ತಿತ್ತು. ಇಂದಿನ ಸೈಕಲಿನ ರೂಪ ಜನಪ್ರಿಯವಾದದ್ದು ಅಲ್ಲಿಂದಲೇ.

ಆ ರೂಪ ಉಳಿಯಲು ಒಳ್ಳೆಯ ಚೈನ್ ಬೇಕಿತ್ತು. ಅದನ್ನು ಕೊಟ್ಟವನು ಹ್ಯಾನ್ಸ್ ರೆನೋಲ್ಡ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಕೆಲಸ ಹುಡುಕಿಕೊಂಡು ಮ್ಯಾಂಚೆಸ್ಟರಿಗೆ ಬಂದವನು. 1879ರಲ್ಲಿ ಸಾಲ್ಫರ್ಡ್‌ನ ಸಣ್ಣದೊಂದು ಚೈನ್ ಕಾರ್ಖಾನೆಯನ್ನು ಕೊಂಡುಕೊಂಡ. ಅಲ್ಲಿನ ಚೈನ್‌ಗಳ ಪಿನ್ ಬೇಗ ಸವೆಯುತ್ತಿತ್ತು, ಏಕೆಂದರೆ ಎಳೆತದ ಭಾರವೆಲ್ಲ ತೆಳುವಾದ ಪಟ್ಟಿಯ ಅಂಚಿನ ಮೇಲೆ ಬೀಳುತ್ತಿತ್ತು. 1880ರಲ್ಲಿ ಅವನು ಪಿನ್ನಿನ ಸುತ್ತ ಒಂದು ಪುಟ್ಟ ಕೊಳವೆ, ಅದರ ಮೇಲೆ ತಿರುಗುವ ರೋಲರ್ ಇಟ್ಟ. ಭಾರ ಪಿನ್ನಿನ ಉದ್ದಕ್ಕೂ ಹಂಚಿಹೋಯಿತು. ಈಗ ನಿಮ್ಮ ಸೈಕಲಿನ ಚೈನನ್ನು ಹತ್ತಿರದಿಂದ ನೋಡಿ, ಅದೇ ಉಪಾಯ ಇಂದಿಗೂ ಕೆಲಸ ಮಾಡುತ್ತಿದೆ.

ಚೈನಿನ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಇರುವ ಅಂತರಕ್ಕೆ ಪಿಚ್ ಎನ್ನುತ್ತಾರೆ. ಹಿಂದೆ ಒಂದು ಇಂಚು ಪಿಚ್‌ನ ಚೈನ್‌ಗಳು ಬಹಳ ಓಡಾಡುತ್ತಿದ್ದವು. ಕ್ರಮೇಣ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್, ಎಲ್ಲೆಡೆ ನೆಲೆಯಾಯಿತು. ಯಾವ ರಾಜನೂ ಆಜ್ಞೆ ಹೊರಡಿಸಿದ್ದಲ್ಲ. ಎಲ್ಲರೂ ಅದೇ ಅಳತೆಯಲ್ಲಿ ಮಾಡಿದರೆ ಎಲ್ಲರ ಮಾಲೂ ಮಾರಾಟವಾಗುತ್ತದೆ ಎಂಬುದು ಬಳಕೆಯಿಂದಲೇ ತಿಳಿಯಿತು.

ಉಳಿದ ಭಾಗಗಳಲ್ಲೂ ಇದೇ ಆಯಿತು. ಬಿಎಸ್‌ಎ ಎಂಬ ಹೆಸರು ನಮ್ಮ ಹಿರಿಯರಿಗೆಲ್ಲ ಗೊತ್ತು. ಅದು 1861ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬಂದೂಕು ತಯಾರಕರು ಸೇರಿ ಕಟ್ಟಿದ ಕಂಪೆನಿ. ಯಂತ್ರದಿಂದ ಒಂದೇ ಅಳತೆಯ ಭಾಗಗಳನ್ನು ಮಾಡುವುದು ಅವರ ವಿದ್ಯೆ. ಬಂದೂಕಿಗೆ ಬೇಡಿಕೆ ಇಳಿದಾಗ ಅದೇ ವಿದ್ಯೆಯಿಂದ ಸೈಕಲಿನ ಹಬ್, ಚೈನ್ ವೀಲ್, ಬ್ರಾಕೆಟ್‌ಗಳನ್ನು ಮಾಡಿ ಊರೂರಿನ ಸಣ್ಣ ಸೈಕಲ್ ಕಟ್ಟುವವರಿಗೆ ಮಾರಿದರು. ಪೆಡಲ್ ಅಚ್ಚು ಕೂರುವ ಬ್ರಾಕೆಟ್ಟಿನ ಮರೆ ಇಂದಿಗೂ 'ಬಿಎಸ್‌ಎ ಥ್ರೆಡ್' ಎಂದೇ ಕರೆಸಿಕೊಳ್ಳುತ್ತದೆ: 1.37 ಇಂಚು ಅಗಲ, ಇಂಚಿಗೆ 24 ಸುತ್ತು. ಹಿಂದಿನ ಫ್ರೀವೀಲ್ ಕೂರುವ ಮರೆಗೂ ಅದೇ ಅಳತೆ. ಫ್ರಾನ್ಸಿನವರು ಮಾತ್ರ ತಮ್ಮದೇ ಮಿಲಿಮೀಟರ್ ಅಳತೆ ಹಿಡಿದಿದ್ದರು. ಫ್ರೀವೀಲಿನ ಮರೆಯಲ್ಲಿ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಆದರೆ ಒಂದರ ಮೇಲೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಹಬ್ಬೇ ಹಾಳು.

ನಮ್ಮ ದೇಶಕ್ಕೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಸ್ವಾತಂತ್ರ್ಯಕ್ಕೆ ಮೊದಲು ರ‍್ಯಾಲೆ, ಹರ್ಕ್ಯುಲಿಸ್, ಬಿಎಸ್‌ಎ ಸೈಕಲ್‌ಗಳು ಹಡಗಿನಲ್ಲಿ ಬರುತ್ತಿದ್ದವು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್ ಶುರುವಾದವು. ಈಗ ಪಾಕಿಸ್ತಾನದಲ್ಲಿರುವ ಕಮಾಲಿಯಾ ಊರಿನಿಂದ ಬಂದ ಮುಂಜಾಲ್ ಸಹೋದರರು ಮೊದಲು ಮಾಡಿದ್ದು ಸೈಕಲಿನ ಬಿಡಿಭಾಗಗಳ ವ್ಯಾಪಾರ. ಆಮೇಲೆ ಲುಧಿಯಾನಾದಲ್ಲಿ 1956ರಲ್ಲಿ ಹೀರೋ ಸೈಕಲ್ಸ್ ಕಟ್ಟಿದರು. 1986ರಲ್ಲಿ ಅದು ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕನೆಂದು ಗಿನ್ನೆಸ್ ಪುಸ್ತಕ ಸೇರಿತು. ಲುಧಿಯಾನಾದ ಒಂದು ಸಣ್ಣ ಶೆಡ್ಡಿನಲ್ಲಿ ಪೆಡಲ್, ಇನ್ನೊಂದರಲ್ಲಿ ಫ್ರೀವೀಲ್ ಮಾಡಿ ಬದುಕುವುದು ಸಾಧ್ಯವಾದದ್ದು ಅಳತೆ ಎಲ್ಲರದೂ ಒಂದೇ ಆಗಿದ್ದರಿಂದ. ಆದುದರಿಂದಲೇ ಅಜ್ಜನ ಸೈಕಲಿಗೆ ಇಂದು ನಮ್ಮ ಪೇಟೆಯಲ್ಲಿ ಹೊಸ ಚೈನ್ ಸಿಗುತ್ತದೆ.

ಹಾಗಾದರೆ ಹುಡುಗ ಬಿದ್ದದ್ದೇಕೆ? ಚೈನ್ ಬೇರೆ ಕಂಪೆನಿಯದ್ದು ಎಂದಲ್ಲ. ಹಳೆಯ ಚೈನಿನ ಪಿನ್‌ಗಳು ವರ್ಷಗಟ್ಟಲೆ ಸವೆದು ಅದರ ಪಿಚ್ ಅರ್ಧ ಇಂಚಿಗಿಂತ ಹೆಚ್ಚಾಗಿತ್ತು. ಫ್ರೀವೀಲಿನ ಹಲ್ಲುಗಳೂ ಅದರೊಂದಿಗೇ ಸವೆದು ಕೊಕ್ಕಿನಂತಾಗಿದ್ದವು. ಅಂಥ ಹಲ್ಲಿನ ಮೇಲೆ ಸರಿಯಾದ ಅಳತೆಯ ಹೊಸ ಚೈನ್ ಕೂರಲಿಲ್ಲ, ಭಾರ ಬಿದ್ದಾಗ ಜಾರಿತು. ತಪ್ಪು ಹೊಸ ಚೈನಿನದ್ದಲ್ಲ, ಬದಲಿಸದೆ ಬಿಟ್ಟ ಹಳೆಯ ಫ್ರೀವೀಲಿನದ್ದು.

ಇದನ್ನು ಮೊದಲೇ ತಿಳಿಯಲು ಒಂದು ಟೇಪು ಸಾಕು. ಪಿಚ್ ಅರ್ಧ ಇಂಚು, ಆದ್ದರಿಂದ 24 ಕೊಂಡಿಗಳು ಸರಿಯಾಗಿ 12 ಇಂಚು ಇರಬೇಕು. ಒಂದು ಪಿನ್ನಿನ ನಡುವಿನಿಂದ ಅಳೆಯಿರಿ. ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನ್ ಬದಲಿಸುವ ಹೊತ್ತಾಯಿತು. ಎಂಟನೇ ಒಂದು ಭಾಗ ಹೆಚ್ಚಾಗಿದ್ದರೆ ಫ್ರೀವೀಲೂ ಹೋಗಿದೆ ಎಂದೇ ತಿಳಿಯಿರಿ.

ಗೇರ್ ಸೈಕಲ್ ಇರುವವರು ಕೇಳಬಹುದು, ನಮಗೂ ಇದೇ ಮಾತು ಅನ್ವಯಿಸುತ್ತದೆಯೇ ಎಂದು. ಅರ್ಧ ಮಾತ್ರ. ಅದರ ಕಥೆ ಬೇರೆ. ಫ್ರಾನ್ಸಿನ ಸೇಂಟ್ ಎಟಿಯೆನ್ ಪಟ್ಟಣದ ಪಾಲ್ ದ ವಿವಿ, ಬೆಟ್ಟದ ದಾರಿಗೆ ಹಲವು ಗೇರ್ ಬೇಕು ಎಂದು ತನ್ನ ಪತ್ರಿಕೆಯಲ್ಲಿ ವರ್ಷಗಟ್ಟಲೆ ಬರೆದ. ಟೂರ್ ದ ಫ್ರಾನ್ಸ್ ನಡೆಸುತ್ತಿದ್ದ ಆಂರಿ ದೆಗ್ರಾಂಜ್‌ಗೆ ಅದು ಹಿಡಿಸಲಿಲ್ಲ. ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರ್‌ಗೆ ಆ ಸ್ಪರ್ಧೆಯಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಆಗಿನ ಗೇರ್ ಲಿವರ್ ಕ್ಲಿಕ್ ಎನ್ನುತ್ತಿರಲಿಲ್ಲ. ಸವಾರನೇ ಕೈಯಳತೆಯಲ್ಲಿ ಎಳೆದು ಹೊಂದಿಸಬೇಕಿತ್ತು. ಆದ್ದರಿಂದ ಯಾವ ಲಿವರ್‌ಗೆ ಯಾವ ಡಿರೇಲರ್ ಹಾಕಿದರೂ ಬಹುಮಟ್ಟಿಗೆ ನಡೆಯುತ್ತಿತ್ತು.

1984ರಲ್ಲಿ ಜಪಾನಿನ ಶಿಮಾನೋ ಕ್ಲಿಕ್ ಆಗುವ ಲಿವರ್ ತಂದಿತು. ಈ ಕಂಪೆನಿ 1921ರಲ್ಲಿ ಸಕಾಯ್ ಪಟ್ಟಣದಲ್ಲಿ ಹುಟ್ಟಿತು. ಅದರ ಮೊದಲ ಸರಕು ಫ್ರೀವೀಲ್. ಕ್ಲಿಕ್ ಬಂದ ಮೇಲೆ ಸವಾರನಿಗೆ ಸುಖವಾಯಿತು, ಆದರೆ ಬೆರೆಸುವ ಸ್ವಾತಂತ್ರ್ಯ ಕಡಿಮೆಯಾಯಿತು. ಈಗ ಲಿವರ್ ಎಳೆಯುವ ತಂತಿಯ ಉದ್ದ, ಡಿರೇಲರ್ ಸರಿಯುವ ದೂರ, ಹಲ್ಲಿನ ಚಕ್ರಗಳ ನಡುವಿನ ಅಂತರ ಮೂರೂ ಒಂದಕ್ಕೊಂದು ಕೂಡಿಬರಬೇಕು. ಅವರದೇ ಎಂಟು ಗೇರಿನಲ್ಲಿ ಆ ಅಂತರ 4.8 ಮಿಲಿಮೀಟರ್, ಒಂಬತ್ತು ಗೇರಿನಲ್ಲಿ 4.35. ಒಂದು ಕ್ಲಿಕ್‌ಗೆ ಅರ್ಧ ಮಿಲಿಮೀಟರೂ ವ್ಯತ್ಯಾಸವಿಲ್ಲ. ಆದರೆ ಏಳು ಕ್ಲಿಕ್ ಆಗುವಾಗ ಮೂರು ಮಿಲಿಮೀಟರ್ ತಪ್ಪಿರುತ್ತದೆ. ಆಗ ಚೈನ್ ಎರಡು ಚಕ್ರಗಳ ನಡುವೆ ಕರಕರ ಎನ್ನುತ್ತದೆ.

ಆದರೂ ಆ ಹಳೆಯ ಅರ್ಧ ಇಂಚನ್ನು ಯಾರೂ ಅಲುಗಾಡಿಸಲಿಲ್ಲ. 1970ರ ದಶಕದಲ್ಲಿ ಶಿಮಾನೋ 10 ಮಿಲಿಮೀಟರ್ ಪಿಚ್‌ನ ಚೈನ್ ಮಾಡಿ ನೋಡಿತು. ಹಗುರವಾಗಿತ್ತು, ಚೆನ್ನಾಗಿಯೇ ಇತ್ತು. ಆದರೆ ಬೇರೆ ಯಾರ ಭಾಗವೂ ಅದಕ್ಕೆ ಹೊಂದುತ್ತಿರಲಿಲ್ಲ, ಕೆಲವೇ ವರ್ಷಗಳಲ್ಲಿ ಅದು ಮರೆಯಾಯಿತು.

ಸೈಕಲ್ ಕಟ್ಟುವಾಗ ನೆನಪಿಡಬೇಕಾದದ್ದು ಇಷ್ಟು. ಗೇರ್ ಇಲ್ಲದ ಸೈಕಲಿಗೆ ಅಗಲವಾದ ಚೈನ್, ಯಾವ ಕಂಪೆನಿಯದ್ದೂ ಆಗುತ್ತದೆ. ಹಿಂದೆ ಆರು, ಏಳು, ಎಂಟು ಗೇರ್ ಇದ್ದರೆ ಸಾಮಾನ್ಯವಾಗಿ ಒಂದೇ ಬಗೆಯ ಚೈನ್ ಸಾಕು. ಒಂಬತ್ತು, ಹತ್ತು ಗೇರಿಗೆ ಚೈನ್ ಇನ್ನೂ ತೆಳುವಾಗುತ್ತದೆ, ಅದಕ್ಕೆಂದೇ ಇರುವುದನ್ನು ಕೇಳಿ ತೆಗೆದುಕೊಳ್ಳಿ. ಲಿವರ್ ಮತ್ತು ಹಿಂದಿನ ಡಿರೇಲರ್ ಜೋಡಿಯಾಗಿರಲಿ. ಅಂಗಡಿಯಲ್ಲಿ "ಅಣ್ಣಾ, ಯಾವ ಕಂಪೆನಿಯದ್ದು?" ಎಂದು ಕೇಳುವ ಮೊದಲು "ಎಷ್ಟು ಗೇರಿನದ್ದು, ಎಷ್ಟು ಹಲ್ಲಿನದ್ದು?" ಎಂದು ಕೇಳಿ.

ನಮ್ಮ ಹುಡುಗ ಹಾಗೆಯೇ ಕೇಳಿದ. ಅಜ್ಜನ ಸೈಕಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18. ಒಂದು ಸುತ್ತು ತುಳಿದರೆ ಸುಮಾರು ಐದೂವರೆ ಮೀಟರ್ ಹೋಗುತ್ತದೆ. ಅವನು 20 ಹಲ್ಲಿನ ಹೊಸ ಫ್ರೀವೀಲ್ ಹಾಕಿಸಿದ, ಈಗ ಐದು ಮೀಟರಿಗೂ ತುಸು ಕಡಿಮೆ. ಹಿಂದಿನ ಚಕ್ರವನ್ನು ಸ್ವಲ್ಪ ಮುಂದಕ್ಕೆ ಸರಿಸಿದ್ದರಿಂದ ಅದೇ ಚೈನ್ ಸಾಕಾಯಿತು. ಸಮತಟ್ಟಿನಲ್ಲಿ ತುಸು ಹೆಚ್ಚು ತುಳಿಯಬೇಕು, ಆದರೆ ಏರು ಹಗುರವಾಯಿತು. ಚೈನ್ ಜಾರುತ್ತಿಲ್ಲ. ಅಜ್ಜನ ಸೈಕಲ್ ಗುಜರಿಗೆ ಹೋಗಲಿಲ್ಲ.

ನಿಮ್ಮ ಮನೆಯ ಹಿಂದೆ, ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಹಳೆಯ ಸೈಕಲ್ ಇದೆಯೇ? ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಅದನ್ನೊಮ್ಮೆ ಹೊರಗೆ ತೆಗೆದು, ಟೇಪು ಹಿಡಿದು 24 ಕೊಂಡಿ ಅಳೆದು ನೋಡಿ. ಗುಜರಿಯವರನ್ನು ಕರೆಯುವುದು ಆಮೇಲೆ ಇದ್ದೇ ಇದೆ.