ಎತ್ತು ಏರಿಗೆ, ಜೀಪು ನೀರಿಗೆ

ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅನ್ನೋ ಗಾದೆ ಎಲ್ಲರೂ ಕೇಳಿರ್ತೀರ. ನಮ್ಮ ಭಾವನ ಜೀಪಿನಲ್ಲಿ ಎತ್ತೂ ಇರಲಿಲ್ಲ, ಕೋಣವೂ ಇರಲಿಲ್ಲ. ಆದರೂ ಅದು ನೀರಿಗೇ ಎಳೆಯಿತು.

ಕಳೆದ ಯುಗಾದಿಯ ಮಾರನೇ ದಿನ ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೊರಟಿದ್ದೆವು. ದಾರಿಯಲ್ಲಿ ಒಂದು ಕೆರೆ ಏರಿಯ ಮೇಲೆ ಕರು ಅಡ್ಡ ಬಂತು. ಭಾವ ಬ್ರೇಕ್ ಒತ್ತಿದರು. ಸ್ಟೀರಿಂಗನ್ನು ನೇರವಾಗಿಯೇ ಹಿಡಿದಿದ್ದರು, ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಜೀಪು ಮಾತ್ರ ಎಡಕ್ಕೆ ಹೊರಳಿ ಅಂಚಿನ ಕಲ್ಲಿಗೆ ತಗುಲಿ ನಿಂತಿತು. ಕಲ್ಲಿನ ಆಚೆ ಕೆರೆ. ಹಿಂದೆ ಅಕ್ಕ, ಅವಳ ಮಡಿಲಲ್ಲಿ ಆರು ವರ್ಷದ ಮಗಳು. ಅಕ್ಕ ಏನೂ ಮಾತಾಡದೆ ಮಗಳನ್ನು ಎತ್ತಿಕೊಂಡು ಇಳಿದು ಬಸ್ಸು ಹತ್ತಿದಳು. "ಇನ್ನು ಈ ಗಾಡಿ ಹತ್ತಲ್ಲ" ಅಂತ ಸಂಜೆ ಮನೆಗೆ ಬಂದ ಮೇಲೆ ಹೇಳಿದಳು.

ಭಾವನಿಗೆ ಜೀಪಿನ ಹುಚ್ಚು. ಹಳೇದೊಂದನ್ನು ಕೊಂಡು, ಸಕಲೇಶಪುರದ ಕಡೆ ಕಾಡುದಾರಿ ಹತ್ತಿಸಬೇಕು ಅಂತ ಉದ್ದದ ಶಾಕಲ್, ಎತ್ತರದ ಲೀಫ್ ಸ್ಪ್ರಿಂಗ್ ಹಾಕಿಸಿ ನಾಲ್ಕು ಇಂಚು ಮೇಲೆತ್ತಿಸಿದ್ದರು. ಅಂದಿನಿಂದಲೇ ಈ ಎಳೆತ. ಹಾಸನದ ಒಂದು ಗ್ಯಾರೇಜಿನಲ್ಲಿ ಮೂರು ಸಲ ವೀಲ್ ಅಲೈನ್‌ಮೆಂಟ್ ಆಯಿತು, ಬ್ರೇಕ್ ಲೈನರ್ ಹೊಸದಾಯಿತು, ಬಿಲ್ಲು ಬೆಳೆಯಿತು, ಎಳೆತ ಹಾಗೇ ಉಳಿಯಿತು.

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಸ್ಪ್ಯಾನರ್ ಹಿಡಿದರೆ ಬೆರಳು ಜಜ್ಜಿಕೊಳ್ಳುವ ಪೈಕಿ :) ಆದರೆ ಬಗ್ ಹುಡುಕೋದು ನನ್ನ ಹೊಟ್ಟೆಪಾಡು. ಬಗ್ ಸಿಗದಿದ್ದಾಗ ನಾವು ಮಾಡೋ ಕೆಲಸ ಒಂದೇ: ಹಿಂದೆ ಯಾರಿಗಾದರೂ ಇದೇ ತೊಂದರೆ ಬಂದಿತ್ತಾ ಅಂತ ಕೆದಕೋದು. ಕೆದಕಿದರೆ ಸಿಕ್ಕಿದ್ದು ಎರಡನೇ ಮಹಾಯುದ್ಧ!

ಜೀಪು ಹುಟ್ಟಿದ್ದೇ ಅವಸರದಲ್ಲಿ. 1940ರ ಜುಲೈನಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆದು, ಹಗುರವಾದ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಬೇಕು, ಮಾದರಿಯನ್ನು 49 ದಿನದಲ್ಲಿ ಕೊಡಿ ಅಂತ ಕೇಳಿತು. ಬ್ಯಾಂಟಮ್ ಅನ್ನೋ ಚಿಕ್ಕ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ಎಂಬ ಇಂಜಿನಿಯರ್ ಎರಡೇ ದಿನದಲ್ಲಿ ನಕ್ಷೆ ಬರೆದ. (ನಮ್ಮ ಮ್ಯಾನೇಜರ್‌ಗಳಿಗೆ ಈ ವಿಷಯ ಗೊತ್ತಾಗದಿರಲಿ.) ಸೆಪ್ಟೆಂಬರ್ 23ಕ್ಕೆ ಮೊದಲ ಗಾಡಿ ಸೇನೆಯ ಬಾಗಿಲಲ್ಲಿತ್ತು. ಆಮೇಲೆ ದೊಡ್ಡ ಆರ್ಡರ್ ಹೋಗಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು.

ಆ ಜೀಪಿಗೂ ಭಾವನ ಜೀಪಿನದೇ ಕಾಯಿಲೆ ಇತ್ತು. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತಿತ್ತು! ಕಾರಣ ಬ್ರೇಕಿನಲ್ಲಿ ಇರಲಿಲ್ಲ. ಸ್ಟೀರಿಂಗ್ ಪೆಟ್ಟಿಗೆ ಇರೋದು ಚಾಸಿಸ್ ಮೇಲೆ. ಅಲ್ಲಿಂದ ಡ್ರ್ಯಾಗ್ ಲಿಂಕ್ ಅನ್ನೋ ಸರಳು ಮುಂದಿನ ಆಕ್ಸಲ್ ಮೇಲಿನ ಒಂದು ಕೀಲಿಗೆ ಹೋಗುತ್ತದೆ. ಬ್ರೇಕ್ ಹಿಡಿದಾಗ ಚಕ್ರದ ಜೊತೆ ಇಡೀ ಆಕ್ಸಲ್ಲೇ ಮುಂದಕ್ಕೆ ಹೊರಳಲು ನೋಡುತ್ತದೆ. ಲೀಫ್ ಸ್ಪ್ರಿಂಗ್ ಬಾಗಿ ಅದಕ್ಕೆ ಸ್ವಲ್ಪ ದಾರಿ ಕೊಡುತ್ತದೆ. ಆಕ್ಸಲ್ ಮೇಲಿನ ಕೀಲು ಜರುಗಿತು, ಆದರೆ ಸರಳಿನ ಇನ್ನೊಂದು ತುದಿ ಚಾಸಿಸ್ ಕಡೆ ಗಟ್ಟಿಯಾಗಿ ನಿಂತಿದೆ. ಹಾಗಾಗಿ ಕೀಲು ತಿರುಗುತ್ತದೆ, ಕೀಲಿನ ಜೊತೆ ಚಕ್ರವೂ. ಚಾಲಕ ಸ್ಟೀರಿಂಗ್ ಮುಟ್ಟಿಯೇ ಇಲ್ಲ, ಗಾಡಿ ತನ್ನಷ್ಟಕ್ಕೆ ತಾನೇ ತಿರುಗಿತು.

ಅವರು ಮಾಡಿದ ರಿಪೇರಿ ಬಹಳ ಸರಳ. ಯುದ್ಧ ನಡೀತಿರುವಾಗಲೇ ಎಡಗಡೆ ಮುಂದಿನ ಸ್ಪ್ರಿಂಗಿನ ಕೆಳಗೆ ಇನ್ನೊಂದು ತುಂಡು ಸ್ಪ್ರಿಂಗ್ ಸೇರಿಸಿ, ಆಕ್ಸಲ್ ಹೊರಳದಂತೆ ಬಿಗಿ ಮಾಡಿದರು. ಟಾರ್ಕ್ ರಿಆಕ್ಷನ್ ಸ್ಪ್ರಿಂಗ್ ಅಂತ ಅದರ ಹೆಸರು. ಯುದ್ಧ ಮುಗಿದ ಮೇಲೆ ಬಂದ ನಾಗರಿಕ ಜೀಪಿನಲ್ಲಿ ಆ ಕೀಲನ್ನೇ ಆಕ್ಸಲ್‌ನಿಂದ ತೆಗೆದು ಚಾಸಿಸ್ ಮೇಲೆ ಕೂರಿಸಿದರು. ನನಗೆ ಈ ಎರಡನೇದು ನಿಜವಾದ ಫಿಕ್ಸ್ ಅನ್ನಿಸುತ್ತದೆ, ಮೊದಲನೇದು ಪ್ಯಾಚ್. ಆದರೂ ಎಷ್ಟೋ ಪ್ರಾಣ ಉಳಿಸಿದ್ದು ಆ ಪ್ಯಾಚೇ ಇರಬೇಕು.

ಸ್ವಾತಂತ್ರ್ಯದ ಹೊತ್ತಿಗೆ ಮಹೀಂದ್ರಾದವರು ವಿಲ್ಲಿಸ್ ಜೀಪನ್ನು ಮುಂಬೈಯಲ್ಲಿ ಜೋಡಿಸಲು ಶುರು ಮಾಡಿದರು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಎತ್ತರ ಬಾನೆಟ್ಟಿನ ಸಿಜೆ-3ಬಿ ನಮ್ಮಲ್ಲಿ ಅದಾದ ಮೇಲೂ ಓಡಿತು. ನಮ್ಮ ಸೀಮೆಯಲ್ಲಿ ಜೀಪು ಅಂದರೆ ಮೊದಲು ಸರ್ಕಾರ, ಆಮೇಲೆ ಕಾಫಿ ತೋಟ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಬಂದ ಮೇಲೆ ಬ್ಲಾಕ್ ಆಫೀಸಿನ ಜೀಪು ಹಳ್ಳಿಗೆ ಬರತೊಡಗಿತು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿಯುವ ತನಕ ಆ ಕಡೆ ಜೀಪಿನ ಧೂಳೇ ಧೂಳು ಅಂತ ಅಜ್ಜ ಹೇಳುತ್ತಿದ್ದರು. ಆ ಜೀಪುಗಳನ್ನು ಯಾರೂ ಎತ್ತರಿಸಲಿಲ್ಲ. ಕಾರ್ಖಾನೆ ಇಟ್ಟಿದ್ದ ಎತ್ತರದಲ್ಲೇ ಓಡಿದವು. ನಾವೀಗ ಷೋಕಿಗೆ ಎತ್ತರಿಸಿ, 1940ರ ಕಾಯಿಲೆಯನ್ನು ದುಡ್ಡು ಕೊಟ್ಟು ವಾಪಸ್ಸು ತರಿಸಿಕೊಳ್ಳುತ್ತಿದ್ದೇವೆ. (ನೋಂದಣಿಯಲ್ಲಿರುವ ಮೂಲ ರೂಪವನ್ನು ಬದಲಾಯಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಭಾವನಿಗೆ ಇದನ್ನು ಹೇಳಿದರೆ "ನೀನು ಯಾವ ಕಡೆಯವನೋ" ಅಂದರು.)

ಇಷ್ಟು ಓದಿಕೊಂಡು ಚನ್ನರಾಯಪಟ್ಟಣದ ಒಬ್ಬ ವಯಸ್ಸಾದ ಮೇಸ್ತ್ರಿಯ ಹತ್ತಿರ ಜೀಪು ಒಯ್ದೆವು. ನನ್ನ ಮಹಾಯುದ್ಧದ ಕಥೆಯನ್ನು ಅವರು ಬೀಡಿ ಸೇದುತ್ತಾ ಕೇಳಿಸಿಕೊಂಡರು. ಮುಗಿದ ಮೇಲೆ ಒಂದೇ ಪ್ರಶ್ನೆ: "ಯಾವಾಗ ಎಳೀತದೆ ಸ್ವಾಮಿ?"

ಮೂರು ಸಲ ಬಿಲ್ಲು ಬರೆದ ಗ್ಯಾರೇಜಿನವರು ಕೇಳದೇ ಇದ್ದ ಪ್ರಶ್ನೆ ಅದು. ಸುಮ್ಮನೆ ಹೋಗುವಾಗಲೂ ಎಳೆದರೆ ಮೊದಲು ಗಾಳಿ ನೋಡಬೇಕು. ಆಮೇಲೆ ಮುಂದಿನ ಎರಡು ಟೈರನ್ನು ಅದಲು ಬದಲು ಮಾಡಬೇಕು, ಎಳೆತವೂ ದಿಕ್ಕು ಬದಲಿಸಿದರೆ ತಪ್ಪು ಟೈರಿನದು. ಸ್ವಲ್ಪ ದೂರ ಓಡಿಸಿ ಡ್ರಮ್ಮಿನ ಹತ್ತಿರ ಕೈ ಹಿಡಿದರೆ, ಒಂದು ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಯುತ್ತವೆ, ನಾವು ಓಡಿಸೋದು ಎಡಕ್ಕೆ, ಹಾಗಾಗಿ ಒಂಚೂರು ಎಡಕ್ಕೆ ಸರಿಯೋದು ಎಲ್ಲ ಗಾಡಿಗೂ ಇದ್ದದ್ದೇ. ಮೇಸ್ತ್ರಿ ಇನ್ನೊಂದು ಮಾತು ಹೇಳಿದರು. ಈ ಜೀಪಿನ ಮುಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ, ಅದು ಬಾಗಿರದಿದ್ದರೆ ಎಡಬಲ ಚಕ್ರದ ಓರೆ ಬೇರೆ ಬೇರೆ ಆಗೋದೇ ಇಲ್ಲ. ಹಾಗಿದ್ದ ಮೇಲೆ ಮೂರು ಸಲ ಅಲೈನ್‌ಮೆಂಟ್ ಯಾಕೆ?

"ಬ್ರೇಕ್ ಒತ್ತಿದಾಗ ಮಾತ್ರ" ಅಂದರು ಭಾವ.

ಮೇಸ್ತ್ರಿ ನನ್ನನ್ನು ಸೀಟಿಗೆ ಹತ್ತಿಸಿ, ಸ್ಟೀರಿಂಗ್ ಅಲುಗದ ಹಾಗೆ ಹಿಡ್ಕೊಳ್ಳಿ ಅಂದರು. ಅಂಗಡಿಯ ನಾಲ್ಕು ಹುಡುಗರು ಮುಂದಿನ ಬಂಪರ್ ಮೇಲೆ ಹತ್ತಿ ಕುಣಿದರು. ಭಾವ ಕೆಳಗೆ ಕೂತು ನೋಡುತ್ತಿದ್ದವರು ಕೂಗಿದರು, "ತಿರುಗ್ತಾ ಇದೆ ಕಣೋ!" ನನ್ನ ಕೈಯಲ್ಲಿ ಚಕ್ರ ಕದಲಿಲ್ಲ, ಕೆಳಗೆ ಟೈರು ಎಡಕ್ಕೆ ಹೋಗಿ ಬರುತ್ತಿತ್ತು. ಮೇಲೆತ್ತಿದಾಗ ಚಾಸಿಸ್ ಜೊತೆ ಪೆಟ್ಟಿಗೆಯೂ ಮೇಲೆ ಹೋಗಿ ಡ್ರ್ಯಾಗ್ ಲಿಂಕ್ ಏಣಿಯ ಹಾಗೆ ಓರೆಯಾಗಿತ್ತು. ಮೂತಿ ತಗ್ಗಿದಾಗೆಲ್ಲ ಆ ಓರೆ ಮಲಗಿ ಸರಳು ಚಕ್ರವನ್ನು ತಳ್ಳುತ್ತದೆ. ಬ್ರೇಕ್ ಒತ್ತಿದಾಗ ಆಗೋದೂ ಅದೇ, ಮೂತಿ ತಗ್ಗೋದು.

ಶಾಕಲ್ ಹಳೇದೇ ಬಂತು, ಎತ್ತರ ಎರಡು ಇಂಚಿಗೆ ಇಳಿಯಿತು, ಪೆಟ್ಟಿಗೆಗೆ ಕೆಳಕ್ಕೆ ಬಾಗಿದ ತೋಳು ಹಾಕಿ ಸರಳನ್ನು ಆದಷ್ಟು ಮಲಗಿಸಿದರು. ಹುಡುಗರು ಮತ್ತೆ ಕುಣಿದರು, ಟೈರು ಅಲುಗಲಿಲ್ಲ.

ವಾಪಸ್ಸು ಬರುವಾಗ ಖಾಲಿ ರಸ್ತೆ ನೋಡಿ ಭಾವ ನಾಲ್ಕು ಸಲ ಜೋರಾಗಿ ಬ್ರೇಕ್ ಒತ್ತಿ ನೋಡಿದರು. ನೇರವಾಗಿಯೇ ನಿಂತಿತು. ಅಕ್ಕ ಇನ್ನೂ ಹತ್ತಿಲ್ಲ. ಮಗಳು ಮಾತ್ರ ಮನೆ ಮುಂದೆ ನಿಂತ ಜೀಪಿನ ಬಂಪರ್ ಮೇಲೆ ಹತ್ತಿ ದಿನಾ ಕುಣಿಯುತ್ತಾಳಂತೆ.