ಮರೆತ ಚಲನಚಿತ್ರವೊಂದರ ಪ್ರೇತಕಲ್ಪನೆ ಮತ್ತು ತುಳುನಾಡಿನ ಕುಲೆ

ರಕ್ತಪಿಶಾಚಿಯ ಕಥೆಯನ್ನು ಕೌಬಾಯ್ ಚಿತ್ರದ ಚೌಕಟ್ಟಿಗೆ ತಂದ ಆರಂಭದ ಪ್ರಯತ್ನಗಳಲ್ಲಿ ಯೂನಿವರ್ಸಲ್ ಸಂಸ್ಥೆಯ ‘ಕರ್ಸ್ ಆಫ್ ದಿ ಅನ್‌ಡೆಡ್’ (1959) ಒಂದು. ಎಡ್ವರ್ಡ್ ಡೀನ್ ನಿರ್ದೇಶಿಸಿದ ಈ ಕಪ್ಪುಬಿಳುಪು ಚಿತ್ರವನ್ನು ವಿಚಿತ್ರ ಮಿಶ್ರಣವೆಂದು ಬದಿಗಿರಿಸುವುದೇ ಹೆಚ್ಚು. ಜಾನಪದ ಅಧ್ಯಯನದ ದೃಷ್ಟಿಯಿಂದ ಮಾತ್ರ ಇದು ಗಮನಾರ್ಹವಾದುದು.

ಮೈಕೇಲ್ ಪೇಟ್ ನಟಿಸಿದ ಬಾಡಿಗೆ ಬಂದೂಕುಗಾರ ಡ್ರೇಕ್ ರೋಬಿ ಇನ್ನೊಂದು ಪಿಶಾಚಿ ಕಚ್ಚಿದ್ದರಿಂದ ಪಿಶಾಚಿಯಾದವನಲ್ಲ. ಅಸೂಯೆಯಿಂದ ತಮ್ಮ ಸಹೋದರನನ್ನೇ ಕೊಂದು, ಪಶ್ಚಾತ್ತಾಪದಿಂದ ಆತ್ಮಹತ್ಯೆ ಮಾಡಿಕೊಂಡವನು. ಇಲ್ಲಿ ಪ್ರೇತತ್ವಕ್ಕೆ ಕಾರಣ ಸೋಂಕಲ್ಲ, ಅಪಮೃತ್ಯು.

ಪುತ್ತೂರು, ಸುಳ್ಯ, ಕಡಬ ಪರಿಸರದ ‘ಕುಲೆ’ಯ ಕಲ್ಪನೆ ಇದಕ್ಕೆ ಸಮೀಪವಾದುದು. ಅಕಾಲದಲ್ಲಿ, ಬಯಕೆ ತೀರದೆ ಸತ್ತವರು ಕುಟುಂಬವನ್ನು ಕಾಡುತ್ತಾರೆಂಬುದು ನಂಬಿಕೆ. ಆದರೆ ಪರಿಹಾರ ಪೂರ್ತಿ ಭಿನ್ನ. ಚಿತ್ರದಲ್ಲಿ ಪಾದ್ರಿಯು ಶಿಲುಬೆ ಅಳವಡಿಸಿದ ಗುಂಡು ಹಾರಿಸಿ ರೋಬಿಯನ್ನು ಇಲ್ಲವಾಗಿಸುತ್ತಾನೆ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುತ್ತಾರೆ. ಅವಿವಾಹಿತರಾಗಿ ಸತ್ತವರಿಗೆ ‘ಕುಲೆ ಮದಿಮೆ’ ನಡೆಸುತ್ತಾರೆ. 2024ರಲ್ಲಿ ಪುತ್ತೂರು ಪರಿಸರದ ಕುಟುಂಬವೊಂದು, ಸುಮಾರು 30 ವರ್ಷಗಳ ಹಿಂದೆ ಶಿಶುವಾಗಿದ್ದಾಗಲೇ ತೀರಿಕೊಂಡ ಮಗಳಿಗೆ ಪ್ರೇತವರನನ್ನು ಕೋರಿ ಪತ್ರಿಕೆಯಲ್ಲಿ ಜಾಹೀರಾತು ನೀಡಿತ್ತು. ಸತ್ತವರಿಗೂ ವಯಸ್ಸಾಗುತ್ತದೆ, ಅವರ ಋಣ ಬದುಕಿರುವವರ ಮೇಲಿರುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ.

ಚಿತ್ರದ ರೋಬಿಗೆ ಬಡಿಸುವ ಮನೆಯಿಲ್ಲ, ಸಂಧಾನಕ್ಕೆ ಉಳಿದ ಬಂಧುಗಳಿಲ್ಲ; ಅವನನ್ನು ಎದುರಿಸುವುದು ಅಪರಿಚಿತರ ಊರು. ನಾಶವೊಂದೇ ಅಲ್ಲಿ ದಾರಿಯಾಗುವುದಕ್ಕೆ ಇದೂ ಕಾರಣವಿರಬೇಕು. ಆದ್ದರಿಂದ ಇಂತಹ ಚಿತ್ರಗಳನ್ನು ಅಗ್ಗದ ಮನರಂಜನೆಯೆಂದು ಕಡೆಗಣಿಸದೆ, ಸತ್ತವರ ಕುರಿತು ಆಯಾ ಸಮಾಜವು ಹೊತ್ತ ಅಥವಾ ಕಳಚಿಕೊಂಡ ಹೊಣೆಯ ಆಕರಗಳಾಗಿ ಪರಿಶೀಲಿಸುವುದು ಅವಶ್ಯಕ.