ನೀಲಿ ಹೊಗೆಯ ವಂಶಾವಳಿ



ಇತಿಹಾಸವೆಂದೊಡನೆ ನಮ್ಮ ಮನಸ್ಸು ಹಂಪೆ, ಹಳೇಬೀಡುಗಳತ್ತ ಹೊರಳುವುದು ವಾಡಿಕೆ. ಇಂದು ಹಿತ್ತಲಿನತ್ತ ಹೊರಳೋಣ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ತಂದೆಯವರ ಮನೆಯ ಹಿಂದೆ ಗೋಣಿತಾಟು ಹೊದ್ದು ನಿಂತಿರುವ ಮೋಟಾರ್ ಸೈಕಲ್ಲಿಗೂ, ಇಲ್ಲಿ ವೆಂಬ್ಲಿಯ ಸಮೀಪದ ಏಸ್ ಕೆಫೆಯ ಮುಂದೆ ಥಳಥಳಿಸುವ ಹಳೆಯ ಯಮಹಾ, ಸುಜುಕಿಗಳಿಗೂ ಇರುವ ನಂಟನ್ನು ನಾವು ಅರಿತಿರುವುದು ಕಡಿಮೆ.

ಈ ವಂಶದ ಮೂಲ ಜಪಾನಿನಲ್ಲಿಲ್ಲ. ಜರ್ಮನಿಯ ಚೋಪೌ ಎಂಬ ಸಣ್ಣ ಊರಿನಲ್ಲಿದೆ. ಅಲ್ಲಿನ ಡಿಕೆಡಬ್ಲ್ಯು ಕಾರ್ಖಾನೆಯ ಆರ್‌ಟಿ 125 ಎಂಬ ಟೂ-ಸ್ಟ್ರೋಕ್ ಬೈಕಿನ ವಿನ್ಯಾಸವು ಎರಡನೆಯ ಮಹಾಯುದ್ಧದ ತರುವಾಯ ಗೆದ್ದವರ ಪಾಲಾಯಿತು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಯು ಗೇರು ಬ್ರಿಟಿಷರ ಬಲಗಾಲಿಗೆ ಸಿಗಲೆಂದು ಆ ಎಂಜಿನ್ನನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ, 1948ರಲ್ಲಿ ಬ್ಯಾಂಟಮ್ ಎಂದು ಹೆಸರಿಟ್ಟಿತು. ಅಂಚೆ ಇಲಾಖೆಯ ಹುಡುಗರು ಅದರ ಮೇಲೇರಿ ತಂತಿ ಹಂಚಿದರು. 1955ರಲ್ಲಿ ಯಮಹಾ ತಯಾರಿಸಿದ ಮೊದಲ ಬೈಕು ವೈಎ-1 ಕೂಡ ಅದೇ ವಿನ್ಯಾಸದ ಅನುಕರಣೆ.

ಬಳಿಕ ನಡೆದದ್ದು ಪತ್ತೇದಾರಿ ಕಾದಂಬರಿಯಂತಿದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ಕೊಳವೆಯ ಆಕಾರವನ್ನು ತಿದ್ದಿ, ಅದರೊಳಗಿನ ಒತ್ತಡದ ಅಲೆಗಳಿಂದಲೇ ಶಕ್ತಿಯನ್ನು ಹೆಚ್ಚಿಸುವ ವಿದ್ಯೆಯನ್ನು ಅದೇ ಚೋಪೌದಲ್ಲಿ ವಾಲ್ಟರ್ ಕಾಡೆನ್ ಪಳಗಿಸಿದ್ದರು. ಊರು ಆಗ ಪೂರ್ವ ಜರ್ಮನಿಗೆ ಸೇರಿತ್ತು. ಕಾರ್ಖಾನೆಗೆ ಎಂಜೆಡ್ ಎಂದು ಹೆಸರು. 1961ರ ಸೆಪ್ಟೆಂಬರಿನಲ್ಲಿ ಅವರ ಸವಾರ ಅರ್ನ್ಸ್ಟ್ ಡೆಗ್ನರ್, ಸ್ವೀಡನ್ನಿನ ಪಂದ್ಯದಿಂದಲೇ ಪರಾರಿಯಾಗಿ ಸುಜುಕಿಯನ್ನು ಸೇರಿದ. ಮರುವರ್ಷವೇ ಸುಜುಕಿಗೆ 50 ಸಿಸಿ ವಿಭಾಗದ ವಿಶ್ವ ಪ್ರಶಸ್ತಿ. ಇದನ್ನು ಕಳವೆಂದು ಕರೆದರೂ ನಮ್ಮ ತಕರಾರಿಲ್ಲ. ಕಾಡೆನ್ನರಿಗೆ ದಕ್ಕಿದ್ದು ಏನೂ ಇಲ್ಲ.

ಲಂಡನ್ನಿನ ಹುಡುಗರಿಗೆ ಈ ವಿದ್ಯೆ ತಲಪಿದ್ದು ಒಂದು ಕಾನೂನಿನ ದೆಸೆಯಿಂದ. 1971ರ ಕೊನೆಯಲ್ಲಿ ಹದಿನಾರರ ಹರೆಯದವರಿಗೆ 50 ಸಿಸಿಯ ಮೊಪೆಡ್ ಮಾತ್ರ ಎಂದು ಸರ್ಕಾರ ವಿಧಿಸಿತು. ಮೊಪೆಡ್ಡಿಗೆ ಪೆಡಲು ಇರಬೇಕಷ್ಟೆ. ಯಮಹಾ ಕಂಪನಿಯು ಬೈಕಿಗೇ ಪೆಡಲು ಸಿಕ್ಕಿಸಿ ಎಫ್‌ಎಸ್1-ಇ ಎಂದು ಮಾರಿತು! ಅಂದಿನ ಆ ಹುಡುಗರಿಗೆ ಈಗ ಅರುವತ್ತು ಮೀರಿದೆ. ತುಕ್ಕು ಹಿಡಿದ ಆರ್‌ಡಿ, ಜಿಟಿಗಳನ್ನು ಹುಡುಕಿ ಕೊಳ್ಳುವವರಲ್ಲಿ ಅವರೇ ಬಹಳ.

ನಮ್ಮವರ ಕಿವಿಗೆ ಈ ಸದ್ದು ಹೊಸತಾಗಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದಲೇ ಜೆಕ್ ಮಾದರಿಯ ಟೂ-ಸ್ಟ್ರೋಕ್ ಬೈಕುಗಳನ್ನು ತಯಾರಿಸುತ್ತಿತ್ತು. ಜಪಾನಿನ ಕವಲು ಬಂದದ್ದು 1984ರಲ್ಲಿ, ಗಡಿಯಾಚೆ ಕನ್ನಡವೂ ಕೇಳಿಬರುವ ಹೊಸೂರಿಗೆ, ಅದು ಇಂಡ್-ಸುಜುಕಿ. (ಆ ಹೊಸೂರಿನ ಟಿವಿಎಸ್ ಕಂಪನಿಯೇ 2020ರಲ್ಲಿ ಬ್ರಿಟನ್ನಿನ ನಾರ್ಟನ್ನನ್ನು ಕೊಂಡಿತು.) 1985ರಲ್ಲಿ ಫರೀದಾಬಾದಿನಿಂದ ಯಮಹಾ ಆರ್‌ಎಕ್ಸ್ 100 ಬಂದಿತು. 98 ಸಿಸಿ, 11 ಅಶ್ವಶಕ್ತಿ. ಕಾಲೇಜು ಹುಡುಗರು ಅದಕ್ಕೆ ಮನಸೋತ ಪರಿಯನ್ನು ಸಭೆಯಲ್ಲಿರುವ ಹಲವರಿಗೆ ನಾವು ವಿವರಿಸಬೇಕಿಲ್ಲ. 1996ರಲ್ಲಿ ಅದರ ತಯಾರಿಕೆಯೂ ನಿಂತಿತು, ಐಡಿಯಲ್ ಜಾವಾದ ಬಾಗಿಲೂ ಮುಚ್ಚಿತು.

ಇಂಥ ಬೈಕು ಮನೆಯಲ್ಲಿದ್ದರೆ, ಊರಿಗೆ ಹೋದ ಹುರುಪಿನಲ್ಲಿ ಕಿಕ್ ಹೊಡೆಯುವುದು ಬೇಡ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಕ್ರ್ಯಾಂಕ್ ಕೇಸಿನ ಮೂಲಕವೇ ಸಿಲಿಂಡರಿಗೆ ಏರುತ್ತದೆ. ವರ್ಷಾನುಗಟ್ಟಲೆ ನಿಂತ ಬೈಕಿನಲ್ಲಿ ಕ್ರ್ಯಾಂಕಿನ ಎರಡು ಬದಿಯ ರಬ್ಬರು ಸೀಲುಗಳು ಒಣಗಿ ಬಿರಿದಿರುತ್ತವೆ; ಅಲ್ಲಿಂದ ಹೆಚ್ಚಿನ ಗಾಳಿ ನುಗ್ಗಿ, ಪೆಟ್ರೋಲೂ ಅದರೊಡನೆ ಬರುವ ಎಣ್ಣೆಯೂ ಸಾಲದಾಗಿ, ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಮೊದಲು ಸೀಲು, ಆಮೇಲೆ ಸವಾರಿ. ಬಣ್ಣದ ಮಾತು ಕೊನೆಗೆ. ಕಾರ್ಖಾನೆ ಬಳಿದ ಬಣ್ಣ ಅರ್ಧವಾದರೂ ಉಳಿದಿದ್ದರೆ ಅದನ್ನು ಕೆರೆದು ಹೊಸತು ಬಳಿಸುವವರು ಇತಿಹಾಸವನ್ನೇ ಕೆರೆದಂತೆ ಎಂಬುದು ನಮ್ಮ ಅಭಿಪ್ರಾಯ. ಇಲ್ಲಿನ ಪ್ರದರ್ಶನಗಳ ತೀರ್ಪುಗಾರರೆಲ್ಲ ಇದನ್ನು ಒಪ್ಪಲಾರರು.

ಲಂಡನ್ನಿನಲ್ಲಿ ಇನ್ನೊಂದು ಸೋಜಿಗವಿದೆ. ವಾಯುಮಾಲಿನ್ಯದ ಸುಂಕ 2023ರ ಆಗಸ್ಟಿನಿಂದ ಇಡೀ ನಗರಕ್ಕೆ ಹರಡಿದೆ. ನಿಯಮಕ್ಕೆ ಹೊಂದದ ಬೈಕಿಗೆ ದಿನಕ್ಕೆ 12.50 ಪೌಂಡು. ಆದರೆ ತಯಾರಾಗಿ 40 ವರ್ಷ ದಾಟಿ, ಐತಿಹಾಸಿಕ ವಾಹನವೆಂದು ದಾಖಲಾದರೆ ಸುಂಕವಿಲ್ಲ! ಹೊಗೆ ಅದೇ, ಎಣ್ಣೆಯೂ ಅದೇ. ವಯಸ್ಸಿನ ದಾಖಲೆಯೊಂದೇ ಬೇರೆ. ಹೊರದೇಶದಿಂದ ತಂದ ಹಳೆಯ ಬೈಕಿಗೆ ಅದರ ಕಾಲಕ್ಕೆ ಒಪ್ಪುವ ನೋಂದಣಿ ಸಂಖ್ಯೆ ಸಿಗಬೇಕಾದರೂ ತಯಾರಿಕೆಯ ವರ್ಷಕ್ಕೆ ಪುರಾವೆ ಬೇಕು.

ನಮ್ಮ ಮನೆಗಳಲ್ಲಿ ಮೊದಲು ಕಳೆದುಹೋಗುವುದು ಆ ಪುರಾವೆಯೇ. ಮನೆ ಮಾರುವಾಗ ಬೈಕು ಗುಜರಿಗೆ, ಆರ್‌ಸಿ ಪುಸ್ತಕ ರದ್ದಿಗೆ. ಮುಂದಿನ ರಜೆಯಲ್ಲಿ ಹೋದಾಗ ತಂದೆಯವರ ಬೀರುವಿನಲ್ಲಿ ಆ ಪುಸ್ತಕವನ್ನು ಹುಡುಕಿ, ಚಾಸಿಸ್ಸಿನ ಮೇಲೆ ಕೊರೆದ ಸಂಖ್ಯೆಯೊಡನೆ ತಾಳೆ ನೋಡಿ ಬರೆದಿಟ್ಟುಕೊಳ್ಳಿ. ತಂದೆಯವರು ಇದ್ದರೆ, ಅದನ್ನು ಯಾರಿಂದ, ಎಷ್ಟು ಕೊಟ್ಟು ಕೊಂಡರೆಂಬುದನ್ನೂ ಕೇಳಿಕೊಂಡು ಬನ್ನಿ.